ನೀಲಿ ಚೆಂಡನ್ನು ಹಿಸುಕಿದವರು ಯಾರು?

ಟಕ್. ಟಕ್. ಟಕ್.

ರಾತ್ರಿ ಎಂಟು ಗಂಟೆ. ಚಿನಕುರುಳಿ ಬಾಗಿಲು ತೆರೆದಳು. ಕೆಳಮನೆಯ ಫಿಸಿಯೋ ಆಂಟಿ ನಿಂತಿದ್ದರು. ಮುಖದಲ್ಲಿ ನಗುವಿರಲಿಲ್ಲ.

"ಚೆಂಡು ಕೊಡು," ಎಂದರು. ಅಷ್ಟೇ.

ಚಿನಕುರುಳಿ ಮೇಜಿನ ಮೇಲಿದ್ದ ನೀಲಿ ಚೆಂಡನ್ನು ತಂದುಕೊಟ್ಟಳು. ಆಂಟಿ ಅದನ್ನು ದೀಪದ ಕೆಳಗೆ ಹಿಡಿದು, ತಿರುಗಿಸಿ, ಮೂಸಿ ನೋಡುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಪರೀಕ್ಷೆಗಳನ್ನೂ ಮಾಡಿದರು.

"ನಿನ್ನ ಬಲಗೈ ಪ್ಲಾಸ್ಟರ್ ಬಿಚ್ಚಿ ಮೂರು ವಾರ ಆಯ್ತು. ದಿನಕ್ಕೆ ನೂರು ಸಲ ಇದನ್ನ ಒತ್ತು ಅಂದಿದ್ದೆ. ಒತ್ತಿದೀಯಾ?"

"ದೇವರಾಣೆಗೂ ಆಂಟಿ! ಎಣಿಸಿ ಎಣಿಸಿ ಒತ್ತಿದೀನಿ."

"ಚೆಂಡೂ ಹೌದು ಅಂತಿದೆ. ಎಷ್ಟು ಮೆತ್ತಗಾಗಿದೆ ನೋಡು. ಆದ್ರೆ ಇವತ್ತು ಸಂಜೆ ನೀನು ಹಿಡಿತ ಅಳೆಯೋ ಮೀಟರ್ ಹಿಡಿದಾಗ ಮುಳ್ಳು ಆರು ದಾಟಲಿಲ್ಲ. ಮೊದಲನೇ ದಿನವೂ ಆರೇ ಇತ್ತು. ಹಾಗಾದ್ರೆ ಇದನ್ನ ಒತ್ತುತ್ತಿರೋರು ಯಾರು? ಹುಡುಕಿ ಬಂದು ಹೇಳು."

ಚೆಂಡನ್ನು ಅವಳ ಕೈಗಿಟ್ಟು ಆಂಟಿ ಮೆಟ್ಟಿಲಿಳಿದು ಹೋದರು.

ಶುಕ್ರವಾರದೊಳಗೆ ಮುಳ್ಳು ಹತ್ತಕ್ಕೆ ಏರಿದರೆ ಶಾಲೆಯ ಬ್ಯಾಂಡಿನ ಡ್ರಮ್ ಅವಳದು. ಇಲ್ಲವಾದರೆ ಗುಂಗುರು ಕೂದಲಿನ ಗೆಳತಿ ಸ್ಪ್ರಿಂಗ್‌ಳದು. ಚಿನಕುರುಳಿ ಕೈ ಮುರಿದುಕೊಂಡದ್ದೂ ಅದೇ ಡ್ರಮ್ಮಿನ ದೆಸೆಯಿಂದ. "ನೋಡ್ರೇ, ಕಣ್ಣು ಮುಚ್ಚಿಕೊಂಡೇ ಬಾರಿಸ್ತೀನಿ!" ಎಂದು ಬೆಂಚು ಹತ್ತಿದ್ದಳು. ಬಾರಿಸಿದ್ದೂ ನಿಜ, ಬಿದ್ದದ್ದೂ ನಿಜ.

ಈಗ ವಿಷಯ ಸ್ಪಷ್ಟವಾಗಿತ್ತು. ಬೇರೆ ಯಾರೋ ಹಿಸುಕಿ ಹಿಸುಕಿ ಚೆಂಡನ್ನು ಮೆತ್ತಗೆ ಮಾಡಿಟ್ಟರೆ ಅವಳ ಕೈಗೆ ಬಲ ಬರುವುದೆಲ್ಲಿಂದ? ಕಳ್ಳರು ಮನೆಯೊಳಗೇ ಇದ್ದಾರೆ!

ಚಿನಕುರುಳಿ ವಾರಪತ್ರಿಕೆಯ ಪತ್ತೇದಾರಿ ಧಾರಾವಾಹಿಗಳನ್ನು ಒಂದೂ ಬಿಡದೆ ಓದುವವಳು. ಈವರೆಗೆ ಅವಳು ಹಿಡಿದ ಕಳ್ಳರ ಸಂಖ್ಯೆ ಸೊನ್ನೆ. ಅದಕ್ಕೆ ಕಾರಣ ಕಳ್ಳರ ಕೊರತೆಯೇ ಹೊರತು ತನ್ನ ಬುದ್ಧಿಯ ಕೊರತೆಯಲ್ಲ ಎಂಬುದು ಅವಳ ದೃಢ ನಂಬಿಕೆ.

ಶಂಕಿತರು ಇಬ್ಬರು. ದುಂಡಗಿರುವುದು ಏನು ಕಂಡರೂ ಬಿಡದ ತಮ್ಮ. ಮತ್ತು ಗಣಿತದ ಮೇಷ್ಟ್ರಾದ ಅಪ್ಪ. ಉತ್ತರಪತ್ರಿಕೆ ತಿದ್ದುವಾಗ ತಲೆಬಿಸಿ ಏರಿದರೆ ಅಪ್ಪನ ಕೈ ಹಿಸುಕಲು ಏನಾದರೊಂದನ್ನು ತಡಕಾಡುತ್ತಿತ್ತು.

ಅವಳು ಅಪ್ಪನ ಮೇಜಿನಿಂದ ರಬ್ಬರ್ ಸ್ಟಾಂಪಿನ ಇಂಕ್ ಪ್ಯಾಡನ್ನು ಎಗರಿಸಿದಳು. ಕರವಸ್ತ್ರದಿಂದ ಚೆಂಡಿನ ತುಂಬ ಶಾಯಿ ಸವರಿದಳು. ನೀಲಿ ಚೆಂಡು, ನೀಲಿ ಶಾಯಿ. ಗೊತ್ತಾಗುವ ಮಾತೇ ಇಲ್ಲ!

ಚೆಂಡನ್ನು ಮೇಜಿನ ಮೇಲಿಟ್ಟು, ಓದುವವಳಂತೆ ನಟಿಸುತ್ತ ಪಕ್ಕದಲ್ಲೇ ಕೂತಳು. ಪತ್ರಿಕೆಯಲ್ಲಿ ಪತ್ತೇದಾರ ಕತ್ತಲೆಯ ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಯಾರದೋ ಹೆಜ್ಜೆಯ ಸದ್ದು. ಚಿನಕುರುಳಿಯ ಎದೆ ಡವಡವ. ಹಾಳೆ ತಿರುವಿದಳು. ಬೆವರಿದ ಮೂಗನ್ನು ಉಜ್ಜಿಕೊಂಡಳು. ನಟನೆ ಯಾವಾಗಲೋ ಮರೆತುಹೋಗಿತ್ತು.

ಒಂಬತ್ತು ಗಂಟೆಗೆ ಎದ್ದು ನಿಂತು ಘೋಷಿಸಿದಳು. "ಎಲ್ಲರೂ ಅಂಗೈ ತೋರಿಸಿ!"

"ನಲವತ್ತು ಪೇಪರ್ ಬಾಕಿ ಇದೆ ಕಣಮ್ಮ," ಅಪ್ಪ ಎರಡೂ ಕೈ ಚಾಚಿದರು. "ಅರೆಸ್ಟ್ ಮಾಡೋದಾದ್ರೆ ಬೇಗ ಮಾಡು."

ಕೆಂಪು ಶಾಯಿ ಇತ್ತು, ನೀಲಿ ಇರಲಿಲ್ಲ. ತಮ್ಮನ ಅಂಗೈಯಲ್ಲಿ ಮಣ್ಣಿತ್ತು, ಪೆನ್ಸಿಲ್ ಪುಡಿಯಿತ್ತು, ಹೆಸರಿಲ್ಲದ ಅಂಟೊಂದಿತ್ತು. ನೀಲಿ ಮಾತ್ರ ಇಲ್ಲ.

"ಸುಳ್ಳು ಹೇಳ್ಬೇಡ, ತೊಳ್ಕೊಂಡು ಬಂದಿದೀಯ!"

"ನಾನಾ? ಕೈ ತೊಳ್ಕೊಳ್ಳೋದಾ?" ತಮ್ಮನಿಗೆ ನಿಜಕ್ಕೂ ಅವಮಾನವಾಗಿತ್ತು. ಆಮೇಲೆ ಅವನ ಕಣ್ಣು ಅರಳಿತು. "ಅಕ್ಕಾ... ನಿನ್ನ ಮೂಗು ಯಾಕೆ ನೀಲಿ?"

ಅಪ್ಪ ಕನ್ನಡಕ ಏರಿಸಿದರು. ತಮ್ಮ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ.

ಚಿನಕುರುಳಿ ಮೆಲ್ಲನೆ ತನ್ನ ಕೈಗಳನ್ನು ನೋಡಿಕೊಂಡಳು. ಹಾಳೆ ತಿರುವಿದ ಕೈ ಹಾಲಿನಷ್ಟು ಬಿಳುಪಾಗಿತ್ತು. ಇನ್ನೊಂದು...

ಮೊದಲ ದಿನದ ನೆನಪಾಯಿತು. ಹತ್ತನೆಯ ಸಲ ಒತ್ತಿದಾಗ ಕಣ್ಣಲ್ಲಿ ನೀರು ಬಂದಿತ್ತು. ಆಗಲೇ ಅವಳು ಪತ್ರಿಕೆ ತೆರೆದದ್ದು. ಬಲಗೈಯಲ್ಲಿ ಹಾಳೆ ತಿರುವಿದರೆ ನೋಯುತ್ತಿರಲಿಲ್ಲ. ಬಾಯಿ ಮಾತ್ರ ನೂರರವರೆಗೆ ಎಣಿಸುತ್ತಲೇ ಇತ್ತು. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಟಕ್. ಟಕ್. ಟಕ್.

ಈ ಬಾರಿ ಬಾಗಿಲು ತಟ್ಟಿದವಳು ಅವಳು. ಆಂಟಿ ಅವಳ ಮೂಗು ನೋಡಿದರು, ತುಟಿ ಕಚ್ಚಿಕೊಂಡರು, ನಗಲಿಲ್ಲ.

"ಸಿಕ್ಕಿದ್ರಾ?"

"ಹೂಂ. ಆಂಟಿ, ಶುಕ್ರವಾರಕ್ಕೆ ಹತ್ತು ಬರುತ್ತಾ?"

"ಇಲ್ಲ, ಮರಿ."

ಡ್ರಮ್ ಕೋಲು ಹಿಡಿದ ಸ್ಪ್ರಿಂಗ್ ಚಿನಕುರುಳಿಯ ಕಣ್ಣ ಮುಂದೆ ಬಂದಳು. "ಮುಂದಿನ ತಿಂಗಳು?"

"ಅದು ಒತ್ತೋರು ಯಾರು ಅನ್ನೋದರ ಮೇಲಿದೆ." ಆಂಟಿ ರಿಜಿಸ್ಟರ್ ತೆರೆದು ಪೆನ್ನು ಚಾಚಿದರು. "ಕಳ್ಳರ ಹೆಸರು ಬರಿ."

ಅವಳ ನೀಲಿ ಕೈ ತಾನೇತಾನಾಗಿ ಮುಂದೆ ಹೋಯಿತು. ಅದನ್ನು ಹಿಡಿದು ಬೆನ್ನ ಹಿಂದಕ್ಕೆ ಕಳಿಸಿದಳು. ಬಲಗೈಯಲ್ಲಿ ಪೆನ್ನು ತೆಗೆದುಕೊಂಡಳು. ಮಣಿಕಟ್ಟು ಚುರ್ ಎಂದಿತು. ನೋವಿಗೆ ಹಲ್ಲು ಕಚ್ಚಿ, ಸೊಟ್ಟಸೊಟ್ಟ ಅಕ್ಷರಗಳಲ್ಲಿ, ನಿಧಾನವಾಗಿ ಬರೆದಳು:

ಎಡಗೈ.