ಹಾಕೋರು ಬೇರೆ ಇದ್ದಾರೆ

"ಇದಾ, ಅದಾ? ಬೇಗ ಹೇಳಮ್ಮಾ ನಟ್ಟು. ನೀನು ಇಷ್ಟು ಯೋಚನೆ ಮಾಡಿದ್ರೆ ಕಾರಿಗೇ ಗಡ್ಡ ಬೆಳೆಯುತ್ತೆ."

ಗುರ್ ಮಾಮ ಶೆಡ್ಡಿನ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ನಾಲ್ಕು ಕಾರ್ಬ್ಯುರೇಟರ್‌ಗಳನ್ನು ಸಾಲಾಗಿ ಇಟ್ಟಿದ್ದ. ಎಡಗಡೆಯ ಜೋಡಿ ಅಪ್ಪನ ಕಾರಿನದು. ಎಣ್ಣೆ, ಧೂಳು ಮೆತ್ತಿ ಕಪ್ಪಾಗಿತ್ತು. ಬಲಗಡೆಯ ಜೋಡಿಯನ್ನು ಮಾಮ ಇನ್ನೊಂದು ಕಾರಿನಿಂದ ಬಿಚ್ಚಿ ತಂದಿದ್ದ. ಅದು ಫಳಫಳ ಹೊಳೆಯುತ್ತಿತ್ತು. ಎರಡರಲ್ಲಿ ಒಂದು ಜೋಡಿ ಅಪ್ಪನ ಕಾರಿಗೆ ಹೋಗಬೇಕು.

ಮಾಮ ಮೆಕ್ಯಾನಿಕ್, ಅಪ್ಪನ ಗೆಳೆಯ. ಅವನ ಗಂಟಲು ಚಳಿಗಾಲದ ಎಂಜಿನ್ನಿನ ಹಾಗೆ. ಅದಕ್ಕೇ ಗುರ್ ಮಾಮ. ಅವಳನ್ನು ನಟ್ಟು ಅಂತ ಕರೆಯಲು ಶುರು ಮಾಡಿದ್ದು ಅಪ್ಪ. ಚಿಕ್ಕವಳಿದ್ದಾಗ ಶೆಡ್ಡಿನಲ್ಲಿ ಬಿಟ್ಟರೆ ಸಾಕು, ಉರುಳಿ ಹೋಗಿ ಯಾವ ಮೂಲೆ ಸೇರುತ್ತಾಳೋ ಗೊತ್ತಾಗುತ್ತಿರಲಿಲ್ಲವಂತೆ.

ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ಅವಳನ್ನೇ ಕೇಳಿ ಅಣ್ಣಾ. ಅವಳಪ್ಪನ ಜೊತೆ ಇಲ್ಲಿ ಕೂತಿರ್ತಿದ್ದವಳು ಅವಳೇ."

"ಅದು," ಎಂದು ನಟ್ಟು ಹೊಳೆಯುವ ಜೋಡಿಯ ಕಡೆ ಬೆರಳು ತೋರಿಸಿದಳು.

ಮಾಮನ ಹುಬ್ಬು ಮೇಲೇರಿತು. "ಹೌದಾ? ನಿಮ್ಮಪ್ಪ ಇದ್ದಿದ್ರೆ ಹಳೇದನ್ನೇ ಬಿಚ್ಚಿ, ತೊಳೆದು, ವಾಷರ್ ಬದಲಾಯಿಸಿ ಕೂರಿಸ್ತಿದ್ದ."

"ಹಳೇದು ಕೆಮ್ಮುತ್ತೆ ಮಾಮ."

"ಕೆಮ್ಮಿದ್ರೆ ಔಷಧಿ ಕೊಡ್ತಾರಮ್ಮಾ. ಮನೆಯಿಂದ ಓಡಿಸ್ತಾರಾ?"

ಅಮ್ಮ, "ಹೋಗಲಿ ಬಿಡಿ, ಅವಳಿಷ್ಟ," ಎಂದು ಒಳಗೆ ಹೋದಳು. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಈಗ ಅಮ್ಮನ ಮಾತುಗಳೆಲ್ಲ ಇಷ್ಟಿಷ್ಟೇ.

ನಟ್ಟು ಮೆಲ್ಲಗೆ ಉಸಿರು ಬಿಟ್ಟಳು. ಹಳೆಯದು ಇನ್ನು ಗೋಣಿಚೀಲಕ್ಕೆ ಹೋಗುತ್ತದೆ. ಗೋಣಿಚೀಲ ಗುಜರಿಗೆ ಹೋಗುತ್ತದೆ. ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಹೋದ ವರ್ಷ ಒಂದು ಭಾನುವಾರ ಅಪ್ಪ ಅದೇ ಜೋಡಿಯನ್ನು ಬಿಚ್ಚಿಕೊಂಡು ಕೂತಿದ್ದ. "ನೋಡು, ಎಂಜಿನ್ನಿಗೆ ಅಡುಗೆ ಮಾಡಿ ಬಡಿಸೋದು ಇದೇ. ಗಾಳಿಗೆ ಇಷ್ಟೇ ಇಷ್ಟು ಪೆಟ್ರೋಲ್ ಬೆರೆಸಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು." ಆಮೇಲೆ ಅವಳ ಅಂಗೈಗೆ ಉಗುರಿನಷ್ಟು ದೊಡ್ಡ ಹಿತ್ತಾಳೆಯ ತುಂಡೊಂದನ್ನು ಹಾಕಿದ. ಅದರ ನಡುವೆ ಕೂದಲೆಳೆಯಂಥ ತೂತು. ಅದಕ್ಕೆ ಜೆಟ್ ಎನ್ನುತ್ತಾರೆ. ಪೆಟ್ರೋಲ್ ಬರುವುದು ಆ ತೂತಿನಿಂದಲೇ.

"ಇದನ್ನ ಊದಬೇಕು, ಚುಚ್ಚಬಾರದು. ನೆನಪಿರಲಿ."

ಅಷ್ಟರಲ್ಲಿ ಫೋನ್ ಬಂತು. ಅಪ್ಪ ಒಳಗೆ ಹೋದ. ತೂತಿನಲ್ಲಿ ಒಂದು ಕಸ ಸಿಕ್ಕಿಕೊಂಡಿತ್ತು. ನಟ್ಟು ಕೆನ್ನೆ ನೋಯುವಷ್ಟು ಊದಿದಳು. ಹೋಗಲಿಲ್ಲ. ಅಪ್ಪ ಬರುವಷ್ಟರಲ್ಲಿ ಮುಗಿಸಬೇಕು ಎಂದುಕೊಂಡು, ಓಡಿಹೋಗಿ ಅಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ತಂದಳು. ಒಂದೇ ಸಲ ಚುಚ್ಚಿದಳು. ಕಸ ಹೋಯಿತು. ಸೂಜಿಯನ್ನು ಇದ್ದಲ್ಲೇ ಇಟ್ಟಳು.

ಅವತ್ತು ಸಂಜೆಯೇ ಕಾರು ಗೇಟಿನ ಹತ್ತಿರ ಕೆಮ್ಮಿತು. ಹಿಂದಿನಿಂದ ಕಪ್ಪು ಹೊಗೆ ಬಂತು.

ಅಪ್ಪ ಬಾನೆಟ್ ಎತ್ತಿ ನಿಂತುಕೊಂಡ. "ಈ ಕೆಮ್ಮು ಎಲ್ಲಿಂದ ಬಂತು ಅಂತ ನಿನಗೇನಾದ್ರೂ ಗೊತ್ತಾ ನಟ್ಟು?"

"ಇಲ್ಲಪ್ಪ."

ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿದ. "ಇಲ್ಲಪ್ಪ," ಎಂದಳು. ಮೂರನೆಯ ಸಲ ಕೇಳಿದ್ದು ಆಸ್ಪತ್ರೆಯಲ್ಲಿ, ದಿಂಬಿಗೆ ಒರಗಿಕೊಂಡು. ಅಲ್ಲಿಯೂ ಅವಳು ಇಲ್ಲ ಎಂದೇ ಹೇಳಿದ್ದಳು.

"ಗುಜರಿಗೆ ಹೋಗೋನ ಹೊಟ್ಟೆ ಒಂದ್ಸಲ ನೋಡಿಬಿಡೋಣ," ಎಂದು ಮಾಮ ಹಳೆಯ ಕಾರ್ಬ್ಯುರೇಟರ್ ಒಂದನ್ನು ಕೈಗೆತ್ತಿಕೊಂಡ.

"ಬೇಡ ಬಿಡಿ ಮಾಮ! ಹೇಗೂ ಎಸೀತೀರಲ್ಲ."

"ಸತ್ತ ಮೇಲೂ ಯಾಕೆ ಸತ್ತ ಅಂತ ನೋಡೋದು ಡಾಕ್ಟರ ಕೆಲಸ." ಹಾಗೆಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. ತಲೆ ತಗ್ಗಿಸಿ ಸ್ಕ್ರೂ ಬಿಚ್ಚಿದ.

ಜೆಟ್ ಹೊರಗೆ ಬಂತು. ಮಾಮ ಅದನ್ನು ಬಲ್ಬಿಗೆ ಹಿಡಿದು ಒಂದು ಕಣ್ಣು ಮುಚ್ಚಿದ. ಭೂತಗನ್ನಡಿ ಇಟ್ಟು ಮತ್ತೆ ನೋಡಿದ.

"ಯಾವ ಕತ್ತೆ ಇದಕ್ಕೆ ಸೂಜಿ ಹಾಕಿದ್ದು? ತೂತೆಲ್ಲ ಗೀರಿ ದೊಡ್ಡದಾಗಿದೆ! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

ನಟ್ಟು ಹೊಳೆಯುವ ಜೋಡಿಯನ್ನು ಮಾಮನ ಕಡೆ ಇನ್ನಷ್ಟು ಸರಿಸಿದಳು.

"ನಿಮ್ಮಪ್ಪನ ಕೆಲಸ ಅಲ್ಲ ಇದು," ಎಂದ ಮಾಮ. "ಗೊತ್ತಾಯ್ತು ಬಿಡು. ಆ ಇನ್ನೊಬ್ಬ ಮೆಕ್ಯಾನಿಕ್ಕೇ."

"ಯಾವ ಇನ್ನೊಬ್ಬ?"

"ನನಗೇನು ಗೊತ್ತು? ಹೋದ ವರ್ಷ ನಿಮ್ಮಪ್ಪ ಗ್ಯಾರೇಜಿಗೆ ಬಂದು ಇದೇ ನಂಬರಿನ ಹೊಸ ಜೆಟ್ ತಗೊಂಡ. ನಾನೇ ಬಂದು ಹಾಕ್ತೀನಿ ಅಂದೆ. ಬೇಡ, ಹಾಕೋರು ಬೇರೆ ಇದ್ದಾರೆ ಅಂದ. ಅದೂ ನಗ್ತಾ ನಗ್ತಾ! ಹದಿನೈದು ವರ್ಷದಿಂದ ಈ ಕಾರನ್ನ ನಾವಿಬ್ಬರು ಬಿಟ್ಟು ಇನ್ನೊಬ್ಬ ಮುಟ್ಟಿಲ್ಲ. ನನಗೆ ಮೈಯೆಲ್ಲ ಉರಿದುಹೋಯ್ತು. ಅವತ್ತಿಂದ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ ನಾನು. ಫೋನ್ ಮಾಡಿದ್ರೂ ಎತ್ತಲಿಲ್ಲ."

ಮಾಮ ಜೆಟ್ಟನ್ನು ಬಟ್ಟೆಯಿಂದ ಒರೆಸಿದ.

"ಆಸ್ಪತ್ರೆಗೆ ಬಂದೆ, ಕೊನೆಗೆ. ಅಷ್ಟು ಹೊತ್ತಿಗೆ ಅವನಿಗೆ ಮಾತು ನಿಂತಿತ್ತು."

ಈಗ ನಟ್ಟು ಸುಮ್ಮನಿದ್ದರೆ ಸಾಕಾಗಿತ್ತು. ತಪ್ಪೆಲ್ಲ ಆ ಇನ್ನೊಬ್ಬನ ತಲೆಗೆ ಹೋಗುತ್ತಿತ್ತು. ಅವನಂತೂ ಇರಲೇ ಇಲ್ಲ, ಅವನಿಗೇನೂ ಬೇಜಾರಾಗುತ್ತಿರಲಿಲ್ಲ.

ಆದರೆ ಮಾಮ ಜೆಟ್ಟನ್ನು ಒರೆಸುತ್ತಲೇ ಇದ್ದ. ಅದು ಆಗಲೇ ಚೊಕ್ಕವಾಗಿತ್ತು.

"ಬೇರೆ ಮೆಕ್ಯಾನಿಕ್ ಯಾರೂ ಇರ್ಲಿಲ್ಲ ಮಾಮ."

"ಏನು?"

"ಸೂಜಿ ಹಾಕಿದ್ದು ನಾನು. ಆ ಕತ್ತೆ ನಾನೇ."

ಮಾಮ ಬೈಯಲಿಲ್ಲ. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಕೊಂಡ. ಅವಳನ್ನೇ ನೋಡಿದ.

"ಹಾಕೋರು ಬೇರೆ ಇದ್ದಾರೆ," ಎಂದ ನಿಧಾನವಾಗಿ. ಗಂಟಲಲ್ಲಿ ಗುರ್ ಇರಲಿಲ್ಲ. "ಅಯ್ಯೋ ಮಾರಾಯ. ನನಗೊಂದು ಮಾತು ಬಿಡಿಸಿ ಹೇಳಬಾರದಿತ್ತೇನೋ."

ಆಮೇಲೆ ಎದ್ದು, "ಹಾಗಾದ್ರೆ ಆ ಹೊಸ ಜೆಟ್ ಇಲ್ಲೇ ಎಲ್ಲೋ ಇರ್ಬೇಕು. ಹುಡುಕು," ಎಂದ.

ಅಪ್ಪನ ಡ್ರಾಯರಿನಲ್ಲಿ ಡಬ್ಬಿಗಳ ಸಾಲಿತ್ತು. ಎಲ್ಲದರ ಮೇಲೂ ಚೀಟಿ: ಬೋಲ್ಟು, ವಾಷರ್, ಸ್ಕ್ರೂ, ನಟ್ಟು. ಎಲ್ಲವನ್ನೂ ಸುರಿದು ನೋಡಿದರು. ಜೆಟ್ ಸಿಗಲಿಲ್ಲ. ಡ್ರಾಯರಿನ ಹಿಂದಿನ ಮೂಲೆಯಲ್ಲಿ ಒಂದು ಬೆಂಕಿಪೊಟ್ಟಣ ಇತ್ತು. ಅದರ ಮೇಲೂ ಅಪ್ಪನ ಅಕ್ಷರ. ನಟ್ಟು.

"ಅದರಲ್ಲೂ ನಟ್ಟೇ ಮಾಮ," ಎಂದು ಪಕ್ಕಕ್ಕೆ ಇಡಲು ಹೋದ ಅವಳ ಕೈ ನಿಂತಿತು. ನಟ್ಟುಗಳಿಗೆ ಆಗಲೇ ಒಂದು ದೊಡ್ಡ ಡಬ್ಬಿ ಇತ್ತಲ್ಲ?

ಪೊಟ್ಟಣ ತೆರೆದಳು. ಎಣ್ಣೆ ಕಾಗದದೊಳಗೆ ಹೊಸ ಜೆಟ್ ಇತ್ತು. ಅಳ್ಳಾಡದ ಹಾಗೆ ಹತ್ತಿಯನ್ನೂ ಇಟ್ಟಿದ್ದ ಅಪ್ಪ.

ನಟ್ಟು ಪೊಟ್ಟಣ ಮುಚ್ಚಿದಳು. ಮತ್ತೆ ತೆರೆದಳು. ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದ ಆ ಸಂಜೆಗಳಲ್ಲಿ ಅಪ್ಪ ಏನನ್ನೂ ಹುಡುಕುತ್ತಿರಲಿಲ್ಲ. ಗೊತ್ತಿಲ್ಲದೆ ಕೇಳಿರಲಿಲ್ಲ. ಮೂರು ಸಲವೂ.

"ಅಪ್ಪನಿಗೆ ಕೋಪ ಬಂದಿತ್ತಾ ಮಾಮ?"

"ನಗ್ತಿದ್ದ ಅಂದೆನಲ್ಲ."

"ಈಗ ಹೇಳಿದ್ರೆ ಅದು ಹೇಳಿದ ಹಾಗೆ ಆಗುತ್ತಾ?"

"ನನಗೆ ಗೊತ್ತಿಲ್ಲಮ್ಮಾ. ನಂದೂ ಅದೇ ಕತೆ," ಎಂದು ಮಾಮ ಅವಳ ಕೈಗೆ ಸ್ಕ್ರೂಡ್ರೈವರ್ ಕೊಟ್ಟ.

ಹೊಳೆಯುವ ಜೋಡಿಯನ್ನು ಬದಿಗೆ ಸರಿಸಿದರು. ಹಳೆಯದನ್ನು ಪೂರ್ತಿ ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿದರು. ಕಪ್ಪು ಬಿಟ್ಟು ಒಳಗಿನ ಲೋಹ ಬೂದು ಬಣ್ಣಕ್ಕೆ ಬಂತು. ಸಣ್ಣ ದಾರಿಗಳನ್ನೆಲ್ಲ ನಟ್ಟು ಊದಿದಳು. ಆಮೇಲೆ ಹೊಸ ಜೆಟ್ಟನ್ನು ಅದರ ಜಾಗದಲ್ಲಿಟ್ಟು ತಿರುಗಿಸಿದಳು.

"ಮೆಲ್ಲಗೆ. ಹಿತ್ತಾಳೆ ಅದು, ಹಟ ಮಾಡಬಾರದು."

ಜೆಟ್ ಬಿಗಿಯಾಯಿತು. ನಟ್ಟು ಸ್ಕ್ರೂಡ್ರೈವರ್ ಚಾಚಿ ಕಾದಳು. ಅವಳು ಬಿಗಿ ಮಾಡಿದ್ದನ್ನೆಲ್ಲ ಅಪ್ಪ ಕೊನೆಗೆ ತಾನೊಮ್ಮೆ ತಿರುಗಿಸಿ ನೋಡುತ್ತಿದ್ದ. ಮಾಮ ಕೈ ಚಾಚಲಿಲ್ಲ. ಕಿಟಕಿಯ ಕಡೆ ತಿರುಗಿ, ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮುಖಕ್ಕೆಲ್ಲ ಎಣ್ಣೆಯಾಯಿತು.

ನಟ್ಟು ತಾನೇ ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದಳು.

ಅಮ್ಮ ಮತ್ತೆ ಬಾಗಿಲಿಗೆ ಬಂದಳು. ಮೇಜಿನ ಮೇಲಿದ್ದ ಹಳೆಯ ಜೋಡಿಯನ್ನು ನೋಡಿದಳು, ಮಾಮನ ಬೆನ್ನನ್ನು ನೋಡಿದಳು.

"ಅಮ್ಮಾ," ಎಂದಳು ನಟ್ಟು. "ಒಳಗೆ ಬಾ. ಕೂತ್ಕೋ. ನಾನೊಂದು ಹೇಳ್ಬೇಕು."