ಮಸ್ಕತ್ ಬಿಸಿಲಿನ ಹಪ್ಪಳ

"ಅಯ್ಯ, ಹಸೀ ಹಪ್ಪಳದ ಮ್ಯಾಲೆ ಒಣಾವು ಯಾಕ ಹಾಕಿದ್ರಿ? ಎಲ್ಲಾ ಅಂಟಿಕೊಂಡ ಹ್ವಾದುವಲ್ರಿ!"

ತೊಂಬತ್ತೇಳರ ಜೂನ್ ತಿಂಗಳು. ಬೈಲಹೊಂಗಲದ ಸಪ್ನಾಳ ಮನೆಯ ಮಾಳಿಗೆಯ ಮೇಲೆ ದಪ್ಪ ಹನಿ ಬೀಳತೊಡಗಿತ್ತು. ಸಹಾಯಕ್ಕೆಂದು ಓಡಿ ಬಂದಿದ್ದ ವಿರೂಪಾಕ್ಷ ಎರಡೂ ಕೈಯಲ್ಲಿ ಹಪ್ಪಳ ಹಿಡಿದು ಕಳ್ಳನಂತೆ ನಿಂತಿದ್ದ. ಸಪ್ನಾ ಬೈಯುತ್ತಲೇ ಕಿತ್ತುಕೊಂಡಳು. ಬೆರಳಿಗೆ ಬೆರಳು ತಾಗಿತು. ಬೈಗುಳ ಅರ್ಧಕ್ಕೇ ನಿಂತಿತು.

ತಂದೆತಾಯಿ ಇಲ್ಲದ ಸಪ್ನಾ ದೊಡ್ಡವ್ವ ಸಿದ್ದಲಿಂಗವ್ವನ ಜೊತೆ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಿದ್ದಳು. ನೇಸರಗಿಯ ವಿರೂಪಾಕ್ಷ ವಾರಕ್ಕೊಮ್ಮೆ ಲೂನಾ ಮೊಪೆಡ್ ಮೇಲೆ ಬಂದು, ಅದನ್ನು ಕಿತ್ತೂರು, ಸವದತ್ತಿಯ ಅಂಗಡಿಗಳಿಗೆ ಒಯ್ಯುತ್ತಿದ್ದ. ಚೀಲ ಕಟ್ಟಿಯಾದ ಮೇಲೂ ಎರಡನೇ ಕಪ್ ಚಹಾಕ್ಕೆ ಕಾಯುತ್ತಿದ್ದ. ಸಪ್ನಾ ಕೂಡ ಬೇಕೆಂದೇ ತಡವಾಗಿ ಕೊಡುತ್ತಿದ್ದಳು.

ಅಂದು ಮಳೆ ನಿಲ್ಲುವವರೆಗೂ ಅಡುಗೆಮನೆ ಬಾಗಿಲಲ್ಲಿ ನಿಂತವನು ಮೆಲ್ಲಗೆ ಬಾಯಿಬಿಟ್ಟ. "ನಮ್ಮ ಕಾಕಾನ ಮಗ ಮಸ್ಕತ್‌ದಾಗ ಕಿರಾಣಿ ಅಂಗಡಿ ಇಟ್ಟಾನ್ರಿ. ಅಲ್ಲೆ ವರ್ಷಪೂರ್ತಿ ಬಿಸಿಲಂತ. ನಾನೂ ಹೋಗಿ ಅವನ ಜೋಡಿ ಹಪ್ಪಳದ ಧಂದೆ ಚಾಲೂ ಮಾಡಬೇಕಂತೇನಿ."

ಸಪ್ನಾ ಒಲೆಯತ್ತ ತಿರುಗಿಕೊಂಡಳು. "ಚಲೋ ಆತಲ್ರಿ."

"ನೀವೂ ಬರ್ರಿ. ಹಪ್ಪಳಾ ಮಾಡಾಕ ನಿಮ್ಮಂಥಾ ಕೈ ಬೇಕು."

ಕೈ ಬೇಕಂತೆ! ಅವಳ ಮುಖ ಕೆಂಪಾಯಿತು. "ಕೈ ಬೇಕಾದ್ರ ಕೂಲಿಯವರನ್ನ ಕರಕೊಂಡ ಹೋಗ್ರಿ."

ಅವನು ತಲೆ ತಗ್ಗಿಸಿ ಚೀಲ ಎತ್ತಿಕೊಂಡ. ದಸರೆ ಮುಗಿಯುತ್ತಲೇ ಹೊರಟುಹೋದ. ಬೀಳ್ಕೊಡಲು ಸಪ್ನಾ ಕೆಳಗಿಳಿಯಲಿಲ್ಲ. ಮಾಳಿಗೆಯಿಂದಲೇ, ಹತ್ತಿ ಲಾರಿಗಳ ಸಂದಿಯಲ್ಲಿ ಆ ಲೂನಾ ಕಾಣದಾಗುವವರೆಗೆ ನೋಡಿದಳು.

ಚಳಿಗಾಲ ಕಳೆದು ಬೇಸಿಗೆ ಬಂದಾಗ ಒಂದು ಭಾನುವಾರ ಓಣಿಯ ಎಸ್‌ಟಿಡಿ ಬೂತಿನವರು ಕೂಗಿದರು. "ಸಪ್ನಾ, ಮಸ್ಕತ್ ಫೋನ್!"

"ಹಪ್ಪಳಾ ಒಡದ ಚೂರಾಗಾಕತ್ತಾವ್ರಿ," ಅವನ ದನಿ ಅಳುವಂತಿತ್ತು.

ಅವಳಿಗೆ ನಗು ತಡೆಯಲಾಗಲಿಲ್ಲ. "ಅದು ಸುಡು ಬಿಸಿಲು. ಮ್ಯಾಲೆ ತೆಳ್ಳನ್ನ ಸೀರಿ ಕಟ್ಟಿ, ಅದರ ನೆರಳಾಗ ಒಣಗಸ್ರಿ."

"ಸೀರಿ ಎಲ್ಲಿಂದ ತರ್ಲಿ? ನನ್ನ ಮನ್ಯಾಗ ಸೀರಿ ಉಡೋರು ಯಾರದಾರ?"

"ಹಂಗಾರ ಲುಂಗಿ ಕಟ್ರಿ," ಎಂದು ಫೋನಿಟ್ಟು ಮನೆಗೆ ಓಡಿದಳು.

ಆಮೇಲೆ ಭಾನುವಾರಗಳೇ ಬೇರೆಯಾದವು. ಮೊದಮೊದಲು ಹಿಟ್ಟಿನ ಹದ, ಖಾರದ ಮಾತು. ಬರಬರುತ್ತ ಅವನು ನವಿಲುತೀರ್ಥದ ಡ್ಯಾಂ ತುಂಬಿತೇ, ಊರಲ್ಲಿ ಮೋಡ ಆಗಿದೆಯೇ ಎಂದೆಲ್ಲ ಕೇಳುತ್ತಿದ್ದ. ಅವಳು ಮೋಡದ ಬಣ್ಣ ಹೇಳುತ್ತಿದ್ದಳು. ಅವನು ಸುಮ್ಮನೆ ಕೇಳುತ್ತಿದ್ದ.

ಎರಡು ವರ್ಷದ ಮೇಲೆ, ದೀಪಾವಳಿಗೆ ಊರಿಗೆ ಬಂದ. ಬಿಸಿಲಿಗೆ ಕಪ್ಪಾಗಿದ್ದ. ಸಿದ್ದಲಿಂಗವ್ವ ಚಹಾ ಕೊಟ್ಟು, ಕೆಲಸವಿಲ್ಲದಿದ್ದರೂ ಮಾಳಿಗೆ ಹತ್ತಿದಳು.

"ಅವತ್ತ ನನಗ ಮಾತಾಡಾಕ ಬರಲಿಲ್ಲ," ಎಂದ ಲೋಟ ನೋಡುತ್ತ. "ಈಗ ಧಂದೆ ನಡದೈತಿ. ಕೆಲಸಕ್ಕ ಮಂದಿನೂ ಅದಾರ. ಸಂಜಿ ಮುಂದ ಅಂಗಡಿ ಬಾಗಲಾ ಹಾಕಿ ಮನಿಗೆ ಬಂದ್ರ, ಇವತ್ತ ಹಿಂಗಾತು ಅಂತ ಹೇಳಾಕ ನೀ ಇರಂಗಿಲ್ಲ."

ಮೊದಲ ಸಲ 'ನೀ' ಅಂದಿದ್ದ. ಸಪ್ನಾ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ದೊಡ್ಡವ್ವನ್ನ ಬಿಟ್ಟ ಹೆಂಗ ಬರ್ಲಿ?"

"ನಾ ಏನ ಸಣ್ಣ ಕೂಸೇನ?" ಮೆಟ್ಟಿಲ ಮೇಲಿಂದಲೇ ಸಿದ್ದಲಿಂಗವ್ವನ ದನಿ ಬಂತು. "ಇಲ್ಲಿಂದ ನಿಮಗ ಖಾರಾ, ಹಿಟ್ಟು ಕಳಸಾವರು ಯಾರ ಮತ್ತ? ಪುಕಟ ಕಳಸಂಗಿಲ್ಲ, ಮೊದಲ ಹೇಳೇನಿ!"

ಇಬ್ಬರೂ ನಕ್ಕರು. ಸಪ್ನಾ ಮುಖ ಬಿಗಿ ಮಾಡಿಕೊಂಡಳು. "ಧಂದೆದಾಗ ನನಗ ಅರ್ಧಾ ಪಾಲು ಬೇಕು."

"ಅರ್ಧಾ ಯಾಕ? ಪೂರಾ ತಗೋ. ನಾ ನಿನ್ನ ಕೈಯಾಗ ದುಡೀತೇನಿ."

ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು. ಅವನು ಎದ್ದು ಅಡುಗೆಮನೆ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಕೇಳಿತು. "ಪಾಸ್‌ಪೋರ್ಟಿಗೆ ಫೋಟೋ ತಗಸಬೇಕಲಾ... ಯಾವ ಸೀರಿ ಉಡ್ಲಿ?"

ಮರುದಿನ ಸ್ಟುಡಿಯೋದಲ್ಲಿ ಫೋಟೋದವರು ಬೇಡಿಕೊಂಡು ಸುಸ್ತಾದರು. "ಅಕ್ಕಾರ, ನಗಬ್ಯಾಡ್ರಿ, ಸರ್ಕಾರದವರು ಒಪ್ಪಂಗಿಲ್ಲ." ಬಾಗಿಲಲ್ಲಿ ನಿಂತ ವಿರೂಪಾಕ್ಷ ಅವಳನ್ನೇ ನೋಡುತ್ತಿದ್ದ. ಕಡೆಗೂ ಅವಳು ತುಟಿ ಬಿಗಿಹಿಡಿದಳು. ಕಣ್ಣು ಮಾತ್ರ ಮಾತು ಕೇಳಲಿಲ್ಲ.