ಗುಂಡನ ಎದೆಯ ಓಟ ನಡಿಗೆ

ಈ ಕತೆಯನ್ನು ಮೊದಲು ಹೇಳಿದವರು ಪ್ರಾಣಿಗಳ ಆಸ್ಪತ್ರೆಯ ನರ್ಸಮ್ಮ. ಕಳೆದ ಬೇಸಿಗೆ ರಜೆಯ ಒಂದು ಸಂಜೆ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಓಣಿಯ ಮಕ್ಕಳೆಲ್ಲ ಸುತ್ತ ಕುಳಿತಿದ್ದಾಗ. ಅವರು ಹೇಳಿದಂತೆಯೇ ಹೇಳುತ್ತೇನೆ.

“ಬೇಡ! ಗುಂಡನಿಗೆ ಆಪರೇಷನ್ ಬೇಡ!”

ಚೂಟಿ ಮೇಜಿಗೆ ಅಡ್ಡ ನಿಂತುಬಿಟ್ಟಳು. ಮೇಜಿನ ಮೇಲೆ ಅವಳ ನಾಯಿ ಗುಂಡ ಮಗ್ಗುಲಾಗಿ ಮಲಗಿದ್ದ. ಅವನ ಕುತ್ತಿಗೆಯ ಗಂಟು ತೆಗೆಯಬೇಕಿತ್ತು. ಅರಿವಳಿಕೆ ಕೊಡುವ ಮೊದಲು ಹೃದಯ ಹೇಗಿದೆಯೆಂದು ನೋಡಲು, ಡಾಕ್ಟರಮ್ಮ ಕಾಲುಗಳಿಗೆ ಕ್ಲಿಪ್ ಹಾಕಿ ಇಸಿಜಿ ತೆಗೆಯುತ್ತಿದ್ದರು.

“ಯಾಕೇ, ಏನಾಯ್ತು?” ಅಪ್ಪ ಕೇಳಿದರು.

“ಇಲ್ನೋಡಪ್ಪ!” ಯಂತ್ರದಿಂದ ಇಳಿದ ಕಾಗದದ ಪಟ್ಟಿಯ ಮೇಲೆ ಚೂಟಿ ತನ್ನ ಸ್ಕೇಲ್ ಇಟ್ಟಳು. “ಈ ಗೆರೆಗಳು ಹತ್ತಿರ ಹತ್ತಿರ, ಇವು ದೂರ ದೂರ. ಅಜ್ಜನ ಇಸಿಜೀಲಿ ಎಲ್ಲಾ ಸಮ ಇತ್ತು. ಅದಕ್ಕೇ ಹಾರ್ಟ್ ಚೆನ್ನಾಗಿದೆ ಅಂದ್ರು. ಗುಂಡಂದು ಕೆಟ್ಟಿದೆ. ಈಗ ಮಲಗಿಸಿದ್ರೆ ಮತ್ತೆ ಏಳಲ್ಲ!”

“ಡಾಕ್ಟರ್ ಅವರೋ, ನೀನೋ?” ಎಂದು ನಗಲು ಹೊರಟ ಅಪ್ಪ, ಅವಳ ಕಣ್ಣು ತುಂಬಿದ್ದು ಕಂಡು ಅವಳ ಹೆಗಲ ಮೇಲೆ ಕೈಯಿಟ್ಟರು.

ಡಾಕ್ಟರಮ್ಮ ಪಟ್ಟಿಯನ್ನು ನೋಡಿದರು. “ಅಳತೆ ಸರಿಯಾಗೇ ಇದೆ ಪುಟ್ಟಿ. ಈಗ ಸ್ಕೇಲ್ ಬಿಡು. ಇವನ ಎದೆ ಮೇಲೆ ಕೈಯಿಡು. ಕಿವಿ ಯಂತ್ರದ ಕಡೆ ಇರಲಿ.”

ಗುಂಡನ ಎದೆ ಉಬ್ಬಿತು. ಯಂತ್ರ ಟಿಕ್‌ಟಿಕ್‌ಟಿಕ್ ಎಂದು ಓಡಿತು. ಎದೆ ಇಳಿಯಿತು. ಟಿಕ್... ಟಿಕ್... ಬರೀ ನಡಿಗೆ. ಮತ್ತೆ ಉಬ್ಬಿತು, ಮತ್ತೆ ಓಟ.

“ಉಸಿರು ಎಳ್ಕೊಂಡಾಗ ಬೇಗ... ಬಿಟ್ಟಾಗ ನಿಧಾನ!”

“ಹೂಂ. ಗಟ್ಟಿಮುಟ್ಟಾಗಿರೋ ನಾಯಿ ಆರಾಮಾಗಿ ಮಲಗಿದ್ರೆ ಹೀಗೇನೇ. ಇನ್ನೊಂದು ನೋಡು, ಎತ್ತರದ ಗೆರೆಗಿಂತ ಮುಂಚೆ ಒಂದು ಪುಟಾಣಿ ಗುಡ್ಡ ಇದೆಯಾ?”

ಚೂಟಿ ಪಟ್ಟಿಯುದ್ದಕ್ಕೂ ಬೆರಳಾಡಿಸಿದಳು. “ಇದೆ. ಎಲ್ಲದಕ್ಕೂ ಇದೆ.”

“ಅಂದ್ರೆ ಪ್ರತಿ ಬಡಿತಾನೂ ಸರಿಯಾದ ಜಾಗದಿಂದಲೇ ಹೊರಡ್ತಿದೆ, ಹೆದರಬೇಡ,” ಎಂದರು ಡಾಕ್ಟರಮ್ಮ.

“ಹಾಗಾದ್ರೆ ಅಜ್ಜನ ಹೃದಯ ಪೆರೇಡ್ ಮಾಡುತ್ತೆ, ಇವನದು ಆಟ ಆಡುತ್ತೆ ಅನ್ನು!” ಎಂದರು ಅಪ್ಪ. ಗುಂಡ ಬಾಲ ಬಡಿದ. ಯಂತ್ರ ಅಡ್ಡಾದಿಡ್ಡಿ ಗೀಚಿತು.

“ಅಲ್ಲಾಡಬೇಡವೋ, ಗೆರೆ ಕೆಡುತ್ತೆ!” ಎಂದು ಗದರಿದ ಚೂಟಿ, ಮೇಜು ಬಿಟ್ಟು ಪಕ್ಕಕ್ಕೆ ಸರಿದು ಡಾಕ್ಟರಮ್ಮನಿಗೆ ದಾರಿ ಮಾಡಿಕೊಟ್ಟಳು.

ಆಪರೇಷನ್ ಮುಗಿದು ಮಧ್ಯಾಹ್ನ ಗುಂಡ ಕಣ್ಣು ಬಿಟ್ಟ. ಚೂಟಿ ಮೆಲ್ಲಗೆ ಅವನ ಎದೆಗೆ ಕಿವಿಯಾನಿಸಿದಳು. ಬೆಳಿಗ್ಗೆ ತನ್ನನ್ನು ಅಳಿಸಿದ್ದ ಆ ಏರುಪೇರನ್ನೇ ಕೇಳುತ್ತ ಕೇಳುತ್ತ, ಅವಳಿಗೆ ಅಲ್ಲೇ ಜೊಂಪು ಹತ್ತಿತು.

ನರ್ಸಮ್ಮ ಇಲ್ಲಿಗೆ ನಿಲ್ಲಿಸಿದರು. ಮಕ್ಕಳು ಚಪ್ಪಲಿ ಮೆಟ್ಟಿ ಎದ್ದರು. ಗೇಟಿನ ಬಳಿ ಮಲಗಿದ್ದ ಬೀದಿನಾಯಿಗೆ ಎಚ್ಚರವಾಗದಂತೆ, ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತ, ತುದಿಗಾಲಲ್ಲಿ ದಾಟಿ ಮನೆಗೆ ಹೋದರು.